ಕದ್ದು ತಂದ ಮಲ್ಲಿಗೆ

ಕಳ್ಳ ಸಿಕ್ಕಿಬಿದ್ದದ್ದು ಸೀನಿನಿಂದ.

ಶ್ರಾವಣದ ಜಿಟಿಜಿಟಿ ಮಳೆ. ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಇಡೀ ದಿನ ಮೆಣಸಿನಕಾಯಿ ಚೀಲಗಳ ನಡುವೆ ಕೆಲಸ ಮಾಡಿ, ರಾಣೆಬೆನ್ನೂರಿನ ನಮ್ಮ ಮನೆಯ ಟೆರೇಸಿಗೆ ಆಗಷ್ಟೇ ಹತ್ತಿದ್ದೆ. ಅಜ್ಜಿಯ ದುಂಡುಮಲ್ಲಿಗೆ ಗಿಡದ ಹಿಂದಿನಿಂದ "ಆಕ್ಷೀ!" ಎಂಬ ಸದ್ದು ಬಂತು. ಎದ್ದು ನಿಂತವನು ಪಕ್ಕದ ಮನೆಯ ಮಹಡಿಗೆ ಬಾಡಿಗೆಗೆ ಬಂದಿದ್ದ ವೀರೇಂದ್ರ, ಬೀಜದ ಕಂಪನಿಯವನು. ಕೈಯಲ್ಲಿ ಮಲ್ಲಿಗೆಯ ಟೊಂಗೆ.

"ಏನ್ ಮಾಡಾಕತ್ತೀರಿ ಇಲ್ಲಿ?"

"ಕಳವು ಮಾಡಾಕತ್ತೇನ್ರಿ," ಎಂದ, ಹಾಜರಿ ಹೇಳುವಷ್ಟು ಪ್ರಾಮಾಣಿಕವಾಗಿ. "ನಿಮ್ಮ ಬಟ್ಟಿಗೆ ಹತ್ತಿದ ಖಾರದ ಘಾಟು ಮೂಗಿಗೆ ಹೊಡೀತು. ಇಲ್ಲಾಂದ್ರ ಸಿಗತಿದ್ದಿಲ್ಲ."

ಬಾಗಿಲಲ್ಲಿ ನಿಂತು ಗದಿಗೆವ್ವಜ್ಜಿ ಬಾಯಿತುಂಬ ನಕ್ಕಳು. "ಬಿಡ ಭುವನಾ, ಒಯ್ಲಿ. ಕೇಳಿ ತಂದ ಗಿಡ ಹತ್ತೂದಿಲ್ಲ, ಕದ್ದು ತಂದದ್ದು ಒಣಗೂದಿಲ್ಲ. ನಾನೂ ಇದನ್ನ ಮೇಡ್ಲೇರಿ ಗೌಡ್ರ ಹಿತ್ತಲದಾಗ ಕದ್ದು, ಸೆರಗಿನಾಗ ಮುಚ್ಚಿಕೊಂಡು ತಂದಾಕಿ."

"ಹಂಗಾದ್ರ ನಾವಿಬ್ರೂ ಒಂದ ಕುಲದಾವ್ರಾದ್ವಿ, ಅಜ್ಜಿ."

ಅಂದಿನಿಂದ ಎರಡು ಟೆರೇಸುಗಳ ನಡುವಿನ ಮೊಣಕಾಲೆತ್ತರದ ಗೋಡೆಯ ಮೇಲೆ ಕೂತು ಅಜ್ಜಿ, ವೀರೇಂದ್ರ ಇಬ್ಬರೂ ಸಂಜೆಯೆಲ್ಲ ಗಿಡದ ಮಾತಾಡುತ್ತಿದ್ದರು. ಒಣಗಿದ ಬಟ್ಟೆಯನ್ನೇ ಮತ್ತೆ ಮತ್ತೆ ಮಡಿಸುತ್ತ ನಾನು ಕೇಳಿಸಿಕೊಳ್ಳುತ್ತಿದ್ದೆ. ಮಾತನ್ನಲ್ಲ, ಅವನ ದನಿಯನ್ನು.

ದೀಪಾವಳಿ ಕಳೆದು ಎಂಟನೇ ದಿನಕ್ಕೆ ಅಜ್ಜಿ ಹೋದಳು. ನಾನಿರುವ ತನಕ ಅವಳ ಗಿಡ ಸಾಯಕೂಡದು ಎಂದು ಗಟ್ಟಿ ಮಾಡಿಕೊಂಡೆ. ಬಸ್ಸಿಗೆ ಓಡುವ ಮೊದಲು ಒಂದು ಕೊಡ ನೀರು, ಬಂದ ಮೇಲೆ ಇನ್ನೊಂದು. ಕೊರೆವ ಚಳಿಯಲ್ಲೂ ತಪ್ಪಿಸಲಿಲ್ಲ.

ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಗೋಡೆಯಾಚೆ ನೋಡಿದೆ. ವೀರೇಂದ್ರ ಕದ್ದ ಟೊಂಗೆಯಿಂದ ಬೆಳೆಸಿದ ತನ್ನ ಮಲ್ಲಿಗೆಯ ಎಲೆಗಳನ್ನು ಒಂದೊಂದಾಗಿ ಕಿತ್ತು ಬುಟ್ಟಿಗೆ ಹಾಕುತ್ತಿದ್ದ. ಕುಂಡದ ಮಣ್ಣು ಒಣಗಿ ಬಿರಿದಿತ್ತು.

"ಕರುಳು ಅನ್ನೂದು ಐತೇನ್ರಿ ನಿಮಗ? ಅಜ್ಜಿ ಗಿಡದ ಮಗಳು ಅದು!"

"ಅಜ್ಜಿನ ಹೇಳ್ಯಾರ್ರಿ. ಚಳಿಯಾಗ ಇದಕ್ಕ ಉಪಾಸ ಹಾಕಬೇಕು, ಎಲಿ ಬಿಡಿಸಬೇಕು. ನಿಮ್ಮ ಗಿಡಕ್ಕ ನೀರು ಭಾಳ ಆಗೇತಿ, ನಿಲ್ಲಸ್ರಿ."

"ನನಗ ಹೇಳದ್ದು ನಿಮಗ ಹೇಳ್ಯಾಳಂತ!"

ಮತ್ತೆರಡು ತಿಂಗಳು ನಾನು ಆ ಕಡೆ ಮುಖ ಹಾಕಲಿಲ್ಲ.

ಶಿವರಾತ್ರಿಯ ಹೊತ್ತಿಗೆ ನನ್ನ ಗಿಡ ಹಳದಿಯಾಗಿ ಉದುರಿ ನಿಂತಿತು. ಕುಂಡ ಬೋರಲು ಹಾಕಿದೆ. ಬೇರು ಕಪ್ಪಾಗಿ ಕೊಳೆತಿತ್ತು.

ಆಗ ನೆನಪಾಯಿತು, ತೊಡೆಯ ಮೇಲೆ ಮಲಗಿಸಿಕೊಂಡು ಅಜ್ಜಿ ನೂರು ಸಲ ಹೇಳಿದ ಕತೆ. ಏಳು ಅಕ್ಕತಂಗಿಯರಲ್ಲಿ ಮಲ್ಲಿಗೆ ಕಿರಿಯಳು. ಚಳಿಗಾಲಕ್ಕೆ ಒಡವೆ ಕಳಚಿಟ್ಟು, ನೀರೂ ಮುಟ್ಟದೆ ತವರಲ್ಲಿ ಮಲಗುತ್ತಾಳೆ. ಆಗ ಯಾರೂ ಅವಳನ್ನು ಎಬ್ಬಿಸಬಾರದು. ನಾನು ರಾಜಕುಮಾರಿಯ ಕನಸು ಕಾಣುತ್ತ ನಿದ್ದೆಹೋಗುತ್ತಿದ್ದೆ. ಅಜ್ಜಿ ಗಿಡ ನೋಡಿಕೊಳ್ಳುವ ರೀತಿ ಹೇಳುತ್ತಿದ್ದಳು. ಮಲಗಿದವಳನ್ನು ದಿನಾ ಎರಡು ಕೊಡ ನೀರು ಸುರಿದು ಎಬ್ಬಿಸಿದ್ದೆ ನಾನು.

ಅದೇ ವಾರ ಅವ್ವ ಸುದ್ದಿ ತಂದಳು. "ವೀರೇಂದ್ರಗ ಹಾವೇರಿಗೆ ಟ್ರಾನ್ಸ್‌ಫರ್ ಆತಂತ. ಉಗಾದಿ ಮರುದಿನ ಟೆಂಪೊ ಬರ್ತದಂತ, ಗಿಡಾನೂ ಒಯ್ತಾನಂತ."

ಅಜ್ಜಿಯ ಮಲ್ಲಿಗೆಯ ಒಂದೇ ಒಂದು ಕುಡಿ ಉಳಿದಿತ್ತು. ಅದೂ ಹೋಗುವುದಿತ್ತು. ಅವನೂ.

ಉಗಾದಿಯ ಮಧ್ಯಾಹ್ನ ಹೊಸ ಸೀರೆಯ ನೆರಿಗೆ ಎತ್ತಿಕಟ್ಟಿ, ಕತ್ತರಿ ಹಿಡಿದು ಗೋಡೆ ದಾಟಿದೆ. ಬೋಳಾಗಿದ್ದ ಟೊಂಗೆಗಳ ತುಂಬ ಎಳೆಹಸಿರು ಚಿಗುರು, ಚಿಗುರಿನ ತುದಿಗೆಲ್ಲ ಮೊಗ್ಗು. ಒಂದೇ ಒಂದು ಅರಳಿತ್ತು. ಬಗ್ಗಿ ಮೂಸಿದೆ. ಅಜ್ಜಿಯ ಹೆರಳಿನ ವಾಸನೆ. ಕಣ್ಣು ಮಂಜಾಯಿತು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ನೀರಿನ ಟ್ಯಾಂಕಿನ ಹಿಂದೆ ಸರಿದೆ.

"ಆಕ್ಷೀ!" ಆಮೇಲೆ ನಗು. "ಹೊರಗ ಬರ್ರಿ ಭುವನಾ ಅವ್ರ."

"ಹೊಸ ಸೀರಿ ಉಟ್ಟೇನಿ. ಖಾರದ ಘಾಟು ಎಲ್ಲಿಂದ ಬಂತು?"

"ಹೌದಲ್ಲ..." ಮೂಗು ತಿಕ್ಕಿಕೊಂಡ. "ರೂಢಿ ಆಗೇತ್ರಿ. ನೀವು ಸಮೀಪ ಬಂದ್ರ ಸೀನು ತಾನ ಬರ್ತದ."

ಅವನ ನೋಟ ನನ್ನ ಮುಖದಿಂದ ಕತ್ತರಿಗೆ ಇಳಿದು, ಮತ್ತೆ ಮುಖಕ್ಕೇ ಬಂದು ನಿಂತಿತು. "ಈ ಬಿಸಲಾಗ ಟೊಂಗಿ ಹಚ್ಚಿದ್ರ ಬದುಕೂದಿಲ್ಲ. ಮಳಿ ಬೀಳಬೇಕು."

"ಮಳಿ ಬೀಳೂದ್ರಾಗ ನೀವೂ ಗಿಡಾನೂ ಇಬ್ರೂ ಹಾವೇರಿಯಾಗ ಇರ್ತೀರಿ."

"ಹಂಗಾದ್ರ ಕುಂಡನ ತೊಗೊಳ್ರಿ. ನಿಮಗ ಕೊಡಬೇಕಂತನ ಬೆಳಸೇನಿ. ನೀವು ಈ ಕಡೆ ನೋಡವಲ್ರಿ, ಹೆಂಗ ಕೊಡ್ಲಿ?"

"ಅವತ್ತ ನಿಮ್ಮ ಮಾತು ಕೇಳಬೇಕಾಗಿತ್ತು. ತಪ್ಪು ನಂದು."

"ಗಿಡದ ಮ್ಯಾಲಿನ ಮಮತಿ ಅದು. ತಪ್ಪಲ್ಲ."

ಕತ್ತರಿಯನ್ನು ಗೋಡೆಯ ಮೇಲಿಟ್ಟೆ. ಈಗ ಆಡದಿದ್ದರೆ ನಾಳೆ ಟೆಂಪೊ ಹೊರಡುತ್ತದೆ.

"ಗಿಡಾ ಕದ್ದು ತರಬೇಕು ಅಂದಾಳ ಅಜ್ಜಿ. ಮನಷ್ಯಾನ್ನ ಕದಿ ಅಂದಿಲ್ಲ. ಅದಕ್ಕ ಎದುರಿಗೆ ನಿಂತು ಕೇಳಾಕತ್ತೇನಿ. ನನ್ನ ಲಗ್ನ ಆಗ್ತೀರೇನು?"

ಅವನ ಕಿವಿಗಳು ಬ್ಯಾಡಗಿ ಮೆಣಸಿನಕಾಯಿಯಂತೆ ಕೆಂಪಾದವು. ಬಾಯಿ ತೆರೆದ. ಬಂದದ್ದು ಮಾತ್ರ "ಆಕ್ಷೀ!"

"ಇದು ಹೌದೋ, ಅಲ್ಲೋ?"

"ಹೌದ್ರೀ! ನೂರು ಸಲ ಹೌದು. ನಾಳೆ ಟೆಂಪೊ ಹೋಗ್ಲಿ, ಐತವಾರ ನಮ್ಮವ್ವನ್ನ ಕರಕೊಂಡು ನಿಮ್ಮನಿಗೆ ಬರ್ತೇನಿ. ಹಾವೇರಿಯಿಂದ ಬ್ಯಾಡಗಿಗೆ ನೀವು ಕೆಲಸಕ್ಕ ಹೋಗಾಕ ಬಸ್ಸಿಗೇನು ಬರ ಐತಿ?" ಉಸಿರು ಎಳೆದುಕೊಂಡ. "ಅಲ್ಲೀತನ ಕುಂಡ ನಿಮ್ಮ ಕಡೆ ಇರ್ಲಿ."

"ಕೊಟ್ಟದ್ದು ಹತ್ತೂದಿಲ್ಲ," ಎಂದೆ. ಒದ್ದೆ ಕಣ್ಣಲ್ಲೇ ನಗು ಬಂತು.

ಅವನು ಒಂದು ಕ್ಷಣ ಯೋಚಿಸಿ, ಓಣಿಯ ಕಡೆ ತಿರುಗಿ ನಿಂತು, ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡ. "ನಾ ಏನೂ ನೋಡವಲ್ಲೆ. ಲಗೂ ಕದ್ದು ಬಿಡ್ರಿ."

ಕುಂಡವನ್ನು ಎದೆಗವಚಿಕೊಂಡು ಗೋಡೆ ದಾಟಿದೆ. ದಾಟಿ ತಿರುಗಿ ನೋಡಿದರೆ ಕಳ್ಳ ಯಾವಾಗಲೋ ಇತ್ತ ಹೊರಳಿದ್ದ. ಮುಚ್ಚಿದ ಬೆರಳುಗಳ ಸಂದಿಯಿಂದ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು.