ಕೋಗಿಲೆ ಜೇನಿಗೊಂದು ಹೆಸರು

"ಎಷ್ಟೋ ವರ್ಷದಿಂದ ಹೆಣ್ಣು ಹುಡುಕ್ತಾ ಇದೀನಿ. ನಿಮ್ಮ ಹತ್ರ ಇದೆ ಅಂತ ಗೊತ್ತಾಯ್ತು!"

ಸಂಗ್ರಹಾಲಯದ ಕೀಟ ವಿಭಾಗದ ಬಾಗಿಲಲ್ಲಿ ನಿಂತು ಆ ಅಪರಿಚಿತ ಹೀಗೆಂದಾಗ ಅವಳ ಕೈಲಿದ್ದ ಸೂಜಿ ಜಾರಿತು. ಅವನೂ ನಾಲಿಗೆ ಕಚ್ಚಿಕೊಂಡ.

"ಅಯ್ಯೋ... ಜೇನ್ನೊಣದ ಹೆಣ್ಣು!"

ಅವನು ತಂದಿದ್ದ ಡಬ್ಬಿ ತೆರೆದ. ಒಳಗೊಂದು ಕೆಂಪು ಬೆನ್ನಿನ ಕೋಗಿಲೆ ಜೇನು. ತಾನು ಗೂಡು ಕಟ್ಟದೆ ಬೇರೆ ಜೇನಿನ ಗೂಡಲ್ಲಿ ಮೊಟ್ಟೆಯಿಟ್ಟು ಹೋಗುವ ಜಾತಿ. ಸಿಕ್ಕಿದ್ದು ಒಂದೇ ಒಂದು ಗಂಡು. ಅದಕ್ಕೆ 'ಒಂಟಿ' ಎಂಬ ಅರ್ಥದ ಹೆಸರಿಟ್ಟು ಎಂದೋ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದ.

"ನಿಮ್ಮ ಲೇಖನ ಅಚ್ಚಿಗೆ ಮೊದಲು ಪರಿಶೀಲನೆಗೆ ಅಂತ ನನಗೇ ಬಂತು. ನಿಮ್ಮ ಕಪ್ಪು ಜೇನು ಹೊಸ ಪ್ರಭೇದ ಅಲ್ಲ. ಇದರದೇ ಹೆಣ್ಣು. ಮೊದಲು ಇಟ್ಟ ಹೆಸರೇ ಉಳಿಯೋದು... ನಿಮ್ಮದು ನಿಲ್ಲಲ್ಲ."

ಕಪ್ಪು ಜೇನಿಗೆ ಅವಳಿಟ್ಟಿದ್ದ ಹೆಸರು ಚಿಕ್ಕಮ್ಮನದು! ಹೆತ್ತವರು ಬಿಟ್ಟುಹೋದ ಕೂಸನ್ನು ಎತ್ತಿ ಸಾಕಿದವಳು. ನೆಂಟರು 'ಕೋಗಿಲೆ ಮರಿ' ಎಂದು ಹಂಗಿಸಿದಾಗಲೆಲ್ಲ, "ನನ್ನ ಗೂಡು, ನನ್ನ ಮರಿ. ನಿಮ್ಮ ಗಂಟೇನು ಹೋಯ್ತು?" ಎಂದು ಬಾಯಿ ಮುಚ್ಚಿಸಿದವಳು. "ಒಂದು ಜೇನಿಗೆ ನಿನ್ನ ಹೆಸರಿಡ್ತೀನಿ" ಎಂದಾಗ ಆಸ್ಪತ್ರೆಯ ಹಾಸಿಗೆಯಲ್ಲೂ ನಕ್ಕಿದ್ದಳು. ಅದು ಅಚ್ಚಾಗುವ ಮೊದಲೇ ಕಣ್ಮುಚ್ಚಿದಳು.

"ಹೊಟ್ಟೆಕಿಚ್ಚು ನಿಮಗೆ! ನಿಮ್ಮ ಹೆಸರು ಉಳೀಬೇಕು ಅಂತ ಬಂದಿದೀರ. ಹೋಗಿ ಇಲ್ಲಿಂದ!"

ಅವನು ಡಬ್ಬಿ ಮುಚ್ಚಿಕೊಂಡು ಹೋದ.

ಅವಳ ಕಿಟಕಿಯಲ್ಲೊಂದು ಗಾಜಿನ ಬಾಟಲಿಯಿತ್ತು. ಒಳಗೆ ಬೇರೊಂದು ಜೇನು ಕಟ್ಟಿದ ಮಣ್ಣಿನ ಗೂಡು. ಕಪ್ಪು ಜೇನು ಅದರೊಳಗೆ ಮೊಟ್ಟೆಯಿಟ್ಟಿದ್ದನ್ನು ಕಣ್ಣಾರೆ ಕಂಡು ತಂದಿದ್ದಳು. ಒಂದು ಬೆಳಗ್ಗೆ ಕಪ್ಪು ಮರಿಯೊಂದು ಹೊರಬಂತು. ಅವಳು ಹಿಗ್ಗಿದಳು.

ಅದರ ಹಿಂದೆಯೇ ಇನ್ನೊಂದು ಬಂತು... ಕೆಂಪು ಬೆನ್ನು!

ಒಂದೇ ತಾಯಿಯ ಮಕ್ಕಳು. ಅವನು ಹೇಳಿದ್ದೇ ನಿಜ. ಚಿಕ್ಕಮ್ಮ ಮತ್ತೊಮ್ಮೆ ಸತ್ತಂತಾಯಿತು.

ಅವಳು ಫೋನ್ ಮಾಡಿದಳು. ಅವನು ಬಂದು ಬಾಟಲಿಯನ್ನು ಬಹಳ ಹೊತ್ತು ನೋಡಿದ.

"ಇದು ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ನೀವು ಅಚ್ಚು ಹಾಕಿಸಿ. ನಾನು ಬಾಯಿ ಬಿಡಲ್ಲ."

"ಬೇಡ. ಸುಳ್ಳಿಗೆ ಅವಳ ಹೆಸರು ಅಂಟಿಸಲಾರೆ." ತನ್ನ ಕಪ್ಪು ಜೇನಿನ ಡಬ್ಬಿಯ ಮೇಲಿದ್ದ ಹೆಸರಿನ ಚೀಟಿಯನ್ನು ತಾನೇ ಕಿತ್ತಳು. ಕಿತ್ತ ಮೇಲೆ ತಡೆಯಲಾಗಲಿಲ್ಲ, ಬಿಕ್ಕಿ ಬಿಕ್ಕಿ ಅತ್ತಳು. "ಇನ್ನು ನನಗೆ ಅಂತ ಯಾರಿದಾರೆ? ಹೆಸರೂ ಹೋಯ್ತು..."

ಅವನು ಕುರ್ಚಿ ಎಳೆದುಕೊಂಡು ಅವಳೆದುರು ಕೂತ.

"ಅವತ್ತು ನಾನು ಬರೋ ಬದಲು ಪತ್ರ ಹಾಕಿದ್ರೆ ಸಾಕಿತ್ತು," ಎಂದ. "ಆದ್ರೆ 'ನನ್ನನ್ನು ತನ್ನ ಗೂಡಲ್ಲಿಟ್ಟುಕೊಂಡವಳ ನೆನಪಿಗೆ' ಅಂತ ಲೇಖನದಲ್ಲಿ ಬರೆದಿದ್ರಲ್ಲ... ಅದನ್ನ ಹೊಡೆದುಹಾಕೋ ಕೈ ನಂದೇ ಆಗ್ಬೇಕಾ ಅಂತ ಸಂಕಟ ಆಯ್ತು. ಅದಕ್ಕೇ ಬಂದೆ. ನಿಮ್ಮನ್ನ ನೋಡಿದ ಮೇಲೆ ವಾಪಸ್ ಹೋಗೋ ಮನಸ್ಸೇ ಆಗಲಿಲ್ಲ. ಇನ್ನೂ ಈ ಊರಲ್ಲೇ ಇದೀನಿ."

ಅವಳು ತಲೆಯೆತ್ತಿದಳು. ಅವನ ಕಣ್ಣೂ ತುಂಬಿತ್ತು.

"ಲೇಖನದಲ್ಲಿ ಲ್ಯಾಟಿನ್ ರೂಪದಲ್ಲಿ ಓದಿದ್ದಷ್ಟೇ. ಅವರ ಹೆಸರನ್ನ ಬಾಯಲ್ಲಿ ಹೇಗೆ ಕರೀಬೇಕು? ಒಂದ್ಸಲ ಹೇಳ್ಕೊಡಿ. ಕಾಗದದಲ್ಲಿ ಇರದಿದ್ರೂ ಇನ್ನೊಬ್ಬರ ನಾಲಿಗೇಲಿ ಇರಲಿ."

ಅವಳು ಹೇಳಿಕೊಟ್ಟಳು. ಅವನು ಮೆಲ್ಲಗೆ ಅಂದ. ಚಿಕ್ಕಮ್ಮ ಹೋದ ಮೇಲೆ ಆ ಹೆಸರು ಬೇರೆಯವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

"ನಿಮ್ಮ ಜೇನಿಗೆ ಈಗ ಜೋಡಿ ಸಿಕ್ತಲ್ಲ," ಅವಳು ಕಣ್ಣೊರೆಸಿಕೊಂಡಳು. "ಹೆಸರು ಬದಲಾಯಿಸ್ತೀರಾ?"

"ಇಟ್ಟ ಹೆಸರು ಬದಲಾಯಿಸೋ ಹಾಗಿಲ್ಲ. ಕೊನೇವರೆಗೂ ಒಂಟಿ ಅಂತಲೇ..."

ಅವಳು ಅವನ ಕೈ ಹಿಡಿದಳು.

"ಇರಲಿ ಬಿಡಿ... ಹೆಸರಿಗಷ್ಟೇ."