ಮುನ್ನೂರು ನಕ್ಷತ್ರ, ಏಳು ಮೂಳೆ

ಲ್ಯಾಬಿನ ಮೂಲೆಯಲ್ಲಿ ಪ್ಲಾಸ್ಟಿಕ್ ಅಸ್ಥಿಪಂಜರ ಹಲ್ಲು ಕಿರಿದು ನಿಂತಿತ್ತು. ಸೈನ್ಸ್ ಮೇಷ್ಟ್ರು ಅದರ ಮುಂಗೈಗೆ ಕೋಲು ಮುಟ್ಟಿಸಿದರು.

"ರೇಡಿಯಸ್," ಎಂದಳು ಮಿಡತೆ.

"ತಪ್ಪು. ಇದು ಅಲ್ನಾ ಮೂಳೆ. ಮುಂದಿನದು?"

ಮಿಡತೆ ತುಟಿ ಕಚ್ಚಿಕೊಂಡಳು. ಕಡ್ಡಿಯಂಥ ಕಾಲು, ಕೂತಲ್ಲಿ ಕೂರದ ಸ್ವಭಾವ. ಹಾಗಾಗಿ ಅವಳಿಗೆ ಆ ಹೆಸರು. ಇಪ್ಪತ್ತು ಮೂಳೆಗಳಲ್ಲಿ ಅವಳು ಸರಿಯಾಗಿ ಹೇಳಿದ್ದು ಏಳು. ಕ್ವಿಜ್ ತಂಡ ಸೇರಲು ಹದಿನೈದಾದರೂ ಬೇಕಿತ್ತು. ಶನಿವಾರ ಇನ್ನೊಂದು ಸಲ ಕೇಳುತ್ತೇನೆ ಎಂದರು ಮೇಷ್ಟ್ರು.

ಅವಳಿಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂತು. ಅಮ್ಮನ ಫೋನಿನಲ್ಲಿ ಹತ್ತು ದಿನ ಫ್ಲ್ಯಾಶ್‌ಕಾರ್ಡ್ ಆ್ಯಪ್ ತೆರೆದು ಓದಿದ್ದಳು. ಮೂಳೆಯ ಚಿತ್ರ ಬರುತ್ತಿತ್ತು, ಕೆಳಗೆ ನಾಲ್ಕು ಹೆಸರು. ಸರಿಯಾದದ್ದನ್ನು ಒತ್ತಿದರೆ ಒಂದು ಕಪ್ಪೆ ಕುಣಿದು ನಕ್ಷತ್ರ ಕೊಡುತ್ತಿತ್ತು. ಮುನ್ನೂರು ನಕ್ಷತ್ರ ಸೇರಿದ್ದವು.

ಅಪ್ಪನ ಕೆಲಸ ಆಸ್ಪತ್ರೆಯಲ್ಲಿ, ಮುರಿದ ಕೈಕಾಲಿಗೆ ಪ್ಲಾಸ್ಟರ್ ಹಾಕುವುದು. ಸಂಜೆ ಅವಳ ದೂರೆಲ್ಲ ಕೇಳಿ, ಫೋನ್ ಇಸಕೊಂಡು, ಆ ನಾಲ್ಕು ಹೆಸರುಗಳನ್ನು ಅಂಗೈಯಿಂದ ಮುಚ್ಚಿದ.

"ಈಗ ಹೇಳು."

ಮಿಡತೆಗೆ ಒಂದೂ ಹೊಳೆಯಲಿಲ್ಲ.

"ನನ್ನ ಹತ್ರ ಬರೋರು ಕೈಮೇಲೆ ಮೂಳೆ ಹೆಸರು ಬರ್ಕೊಂಡು ಬರಲ್ಲ ಕಣಮ್ಮ," ಎಂದ ಅಪ್ಪ.

ಕಪ್ಪೆಯ ಆ್ಯಪನ್ನು ಅವಳು ಅಲ್ಲೇ ಅಳಿಸಿಹಾಕಿದಳು. ಆಮೇಲೆ ಇಳಿಸಿಕೊಂಡ ಎರಡನೆಯ ಆ್ಯಪಿನಲ್ಲಿ ಸಾವಿರಾರು ಕಾರ್ಡು ಸಿದ್ಧವಾಗಿದ್ದವು. ಆದರೆ ಅವಳ ಪುಸ್ತಕದಲ್ಲಿ ಇಲ್ಲದ ಮೂಳೆಗಳೇ ಜಾಸ್ತಿ, ಐದು ಕಾರ್ಡಿಗೊಂದು ಶಾಂಪೂ ಜಾಹೀರಾತು ಬೇರೆ. ಮೂರನೆಯದನ್ನು ತೆರೆದರೆ ಬರೀ ಬಿಳಿ ಪರದೆ. ಕಾರ್ಡುಗಳನ್ನು ತಾನೇ ಮಾಡಿಕೊಳ್ಳಬೇಕು. ಇದೆಂಥ ಬೋಳು ಆ್ಯಪ್ ಎಂದು ಅಣ್ಣ ನಕ್ಕ. ಮಿಡತೆ ಅದನ್ನೇ ಇಟ್ಟುಕೊಂಡಳು.

ಅಣ್ಣನ ಹೆಗಲು, ಅಮ್ಮನ ಮೊಣಕಾಲು, ಅಪ್ಪನ ಮುಂಗೈ, ಎಲ್ಲದರ ಫೋಟೋ ತೆಗೆದಳು. ಹೆಬ್ಬೆರಳಿನ ಕಡೆಗಿರುವುದು ರೇಡಿಯಸ್ ಎಂದು ಅಪ್ಪ ಮುಟ್ಟಿಸಿ ತೋರಿಸಿದ. ಇಪ್ಪತ್ತು ಕಾರ್ಡು ಮಾಡಿ ಮುಗಿಸುವಷ್ಟರಲ್ಲಿ ಕತ್ತು ಹಿಡಿದುಕೊಂಡಿತ್ತು.

ಈ ಆ್ಯಪಿನಲ್ಲಿ ಉತ್ತರ ನೋಡಿದ ಮೇಲೆ 'ಗೊತ್ತಿತ್ತು' ಅಥವಾ 'ಗೊತ್ತಿರಲಿಲ್ಲ' ಎಂದು ತಾನೇ ಒತ್ತಬೇಕು. ಗೊತ್ತಿಲ್ಲದ್ದು ಮತ್ತೆ ಮತ್ತೆ ಬರುತ್ತದೆ. ನಾಲಿಗೆ ತುದಿಯವರೆಗೆ ಬಂದು ನಿಂತ ಹೆಸರುಗಳಿಗೂ ಮಿಡತೆ 'ಗೊತ್ತಿತ್ತು' ಎಂದೇ ಒತ್ತಿದಳು. ಎರಡೇ ದಿನದಲ್ಲಿ ಕಾರ್ಡು ಖಾಲಿ.

ಬುಧವಾರ ಪಾತ್ರೆ ಒರೆಸುತ್ತ ಅಪ್ಪ ಹಿಮ್ಮಡಿಯ ಮೂಳೆ ಯಾವುದೆಂದು ಕೇಳಿದ. ಅವಳು ತಡವರಿಸಿದಳು. ಆಮೇಲೆ ತೊಡೆಯದು ಕೇಳಿದ. ಅದೂ ಬರಲಿಲ್ಲ.

"ಆ್ಯಪಲ್ಲಿ ಎಲ್ಲಾ ಮುಗ್ದಿದೆ ಅಪ್ಪಾ," ಎಂದಳು ಸಣ್ಣ ದನಿಯಲ್ಲಿ. "ನಾನೇ ಗೊತ್ತಿತ್ತು ಅಂತ ಒತ್ಬಿಟ್ಟೆ."

ಅಪ್ಪ ಒಂದು ತಟ್ಟೆ ಅವಳ ಕೈಗೆ ಕೊಟ್ಟ, ಒರೆಸಲು.

ಮರುದಿನ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಎಲ್ಲ ಕಾರ್ಡುಗಳನ್ನೂ ಮೊದಲಿಂದ ಶುರುಮಾಡಿದಳು. 'ಗೊತ್ತಿರಲಿಲ್ಲ' ಎಂದು ಹನ್ನೊಂದು ಸಲ ಒತ್ತಬೇಕಾಯಿತು. ಒಂದನ್ನೂ ಬಿಡದೆ ಒತ್ತಿದಳು. ಸಂಜೆಗೆ ಗೊತ್ತಿಲ್ಲದ್ದು ಏಳಕ್ಕೆ ಇಳಿಯಿತು. ಶುಕ್ರವಾರ ಮಲಗುವ ಮುಂಚೆ ಮೂರು ಉಳಿದವು.

ಶನಿವಾರ ಮೇಷ್ಟ್ರ ಕೋಲು ಸರಸರ ಓಡಿತು. ಮಿಡತೆಯ ಉತ್ತರವೂ ಅದರ ಹಿಂದೆಯೇ ಓಡಿತು. ಆ ಓಟದಲ್ಲಿ ಎರಡು ತಪ್ಪಾದವು. ಕೋಲು ಎದೆಯ ನಡುವಿನ ಚಪ್ಪಟೆ ಮೂಳೆಯ ಮೇಲೆ ನಿಂತಾಗ ಮಾತ್ರ ಹೆಸರು ನೆನಪಾಗಲಿಲ್ಲ. ಬಾಯಿಗೆ ಬಂದ ಹೆಸರೊಂದನ್ನು ಹೇಳಿಬಿಡಬಹುದಿತ್ತು.

"ಇದು ಬರಲ್ಲ ಸರ್."

"ಸ್ಟರ್ನಮ್," ಎಂದರು ಮೇಷ್ಟ್ರು, ಮುಂದಕ್ಕೆ ಹೋದರು. ಕೊನೆಗೆ ಹದಿನೇಳು ಎಂದು ಬರೆದು, ತಂಡದ ಪಟ್ಟಿಯಲ್ಲಿ ಅವಳ ಹೆಸರು ಸೇರಿಸಿದರು.

ಹೊರಗೆ ಗೆಳತಿಯರು ಕೂಗಿ ಕರೆಯುತ್ತಿದ್ದರು. ಮಿಡತೆ ಒಂದು ನಿಮಿಷ ಬಾಗಿಲಲ್ಲೇ ನಿಂತಳು. ಎದೆಯ ನಡುವೆ ಬೆರಳಿಟ್ಟು, ಆ ಹೆಸರನ್ನು ಮೆಲ್ಲಗೆ ಹೇಳಿಕೊಂಡಳು. ಇದನ್ನು ತಾನು ಇನ್ನು ಮರೆಯುವುದಿಲ್ಲ ಎಂದು ಅವಳಿಗೆ ಅನ್ನಿಸಿತು.