ಅಜ್ಲಾನನ ಮುಖದಲ್ಲಿ ಅವಳು ಕಂಡದ್ದು

"ಈ ಅಡ್ಡಗೋಡೆಗಳನ್ನ ತೆಗೆದವರು ಯಾರು?"

ಹುಸ್ನಾಳ ದನಿ ಕೇಳಿ ಮೀನುಕೋಣೆಯಲ್ಲಿದ್ದವರೆಲ್ಲ ಮುಖ ತಿರುಗಿಸಿಕೊಂಡರು. ಮೈಕ್ರೋಸ್ಕೋಪ್ ರಿಪೇರಿಗೆ ಬಂದಿದ್ದ ಯುವಕ ಮಾತ್ರ ಸ್ಕ್ರೂಡ್ರೈವರ್ ಹಿಡಿದೇ ಕೈ ಎತ್ತಿದ.

"ನಾನೇ. ಗಂಡು ಆ ಕಡೆ, ಹೆಣ್ಣು ಈ ಕಡೆ, ಮುಖ ಮುಖ ನೋಡ್ಕೊಂಡು ನಿಂತಿದ್ವು. ಪಾಪ ಅನ್ನಿಸ್ತು."

"ನಿಮ್ಮ ಪಾಪದಿಂದ ನನ್ನ ಇವತ್ತಿನ ಕೆಲಸ ಹಾಳಾಯ್ತು!"

ಪಿನಾಂಗ್‌ನ ಆ ಸಂಶೋಧನಾಲಯದಲ್ಲಿ ಬೆರಳುದ್ದವೂ ಇಲ್ಲದ ಪಟ್ಟೆಮೀನುಗಳನ್ನು ಸಂಜೆ ಜೋಡಿಜೋಡಿಯಾಗಿ ಡಬ್ಬಿಗೆ ಬಿಟ್ಟು, ನಡುವೆ ಪ್ಲಾಸ್ಟಿಕ್ ಗೋಡೆ ಇಡುತ್ತಾರೆ. ಬೆಳಿಗ್ಗೆ ಅದನ್ನು ಎತ್ತಿದರೆ ಮೊಟ್ಟೆ. ಅದು ಒಂದೇ ಜೀವಕೋಶವಾಗಿರುವಾಗಲೇ ಹುಸ್ನಾ ಸೂಜಿ ಚುಚ್ಚಬೇಕು. ಈ ಪುಣ್ಯಾತ್ಮನ ಕನಿಕರದಿಂದ ಮೊಟ್ಟೆಗಳೆಲ್ಲ ಆಗಲೇ ಬೆಳೆದುಬಿಟ್ಟಿದ್ದವು.

ಮರುದಿನ ಆ ಯುವಕ, ಅಜ್ಲಾನ್, ಬಾಳೆಲೆಯಲ್ಲಿ ಕಟ್ಟಿಸಿದ ತೆಂಗಿನಹಾಲಿನ ಅನ್ನ, ನಾಸಿ ಲೆಮಾಕ್, ತಂದು ಅವಳ ಮೇಜಿನ ಮೇಲಿಟ್ಟ. ಆಮೇಲೆ ಆ ಮೈಕ್ರೋಸ್ಕೋಪ್‌ಗೆ ಅದೇನು ಬಂತೋ, ವಾರವಾರವೂ ಕೆಡತೊಡಗಿತು. ಕೆಡಿಸುತ್ತಿದ್ದವರು ಯಾರು ಎಂದು ಹುಸ್ನಾಳಿಗೆ ಗೊತ್ತಿತ್ತು. ಅವಳೂ ದೂರು ಕೊಡಲಿಲ್ಲ.

"ಇಷ್ಟು ಚಿಕ್ಕದಕ್ಕೆ ಕಣ್ಣೆಲ್ಲಿ, ಹೃದಯ ಎಲ್ಲಿ ಅಂತ ಯಾರು ಹೇಳ್ಕೊಡ್ತಾರೆ?" ಒಂದು ದಿನ ಅವನು ಮಸೂರದಲ್ಲಿ ಇಣುಕುತ್ತ ಕೇಳಿದ.

"ಪಕ್ಕದ್ದು ಪಕ್ಕದ್ದಕ್ಕೆ ಹೇಳುತ್ತೆ, ಅಬಾಂಗ್." ಪ್ರೀತಿಯ ಗಂಡಸನ್ನು ಕರೆಯುವ ಆ ಮಾತು ಅವಳ ಬಾಯಿಗೆ ಅಷ್ಟರಲ್ಲಿ ರೂಢಿಯಾಗಿತ್ತು. "ಒಂದು ಕೋಶ ಇನ್ನೊಂದನ್ನ ಮುಟ್ಟಿ, ನೀನು ಪಿತ್ತದ ನಾಳ ಆಗು ಅನ್ನುತ್ತೆ. ಅದು ಆಗುತ್ತೆ."

"ಸರಿಯಾಗಿ ಕೇಳಿಸದಿದ್ರೆ?"

"ನಾಳಗಳೇ ಸಾಕಷ್ಟು ಇರಲ್ಲ. ಪಿತ್ತ ಒಳಗೇ ನಿಂತು ಮೈ ಹಳದಿಯಾಗುತ್ತೆ. ಹೃದಯದಿಂದ ಹೊರಡೋ ರಕ್ತನಾಳ ಕಿರಿದಾಗುತ್ತೆ. ಮನುಷ್ಯರಲ್ಲಾದ್ರೆ ಮುಖದಲ್ಲೂ..."

ಅವಳು ತಲೆಯೆತ್ತಿದಳು.

ಅಗಲವಾದ ಹಣೆ. ಒಳಗೆ ಕೂತ ಕಣ್ಣು. ಚೂಪಾದ ಗದ್ದ. ತಾನು ಮನಸೋತ ಮುಖವೇ ಪಾಠದ ಚಿತ್ರದಂತೆ ಎದುರಿಗಿತ್ತು. ಮೆಟ್ಟಿಲು ಹತ್ತಿದರೆ ಅವನಿಗೆ ಏದುಸಿರು. ಎದೆಯಲ್ಲಿ ಹುಟ್ಟಿದಾಗಿನಿಂದ ಏನೋ ಸದ್ದಿದೆ, ಏನೂ ಆಗಲ್ಲವಂತೆ ಎಂದು ಅವನೇ ನಗುತ್ತ ಹೇಳಿದ್ದ.

ಈ ದೋಷ ಇದ್ದೂ ಜೀವನಪೂರ್ತಿ ಆರಾಮಾಗಿರುವವರಿದ್ದಾರೆ. ಆದರೆ ಅವರ ಮಕ್ಕಳು... ಹೇಳಿದರೆ ಇವನು ದೂರವಾದರೆ? ಹುಸ್ನಾ ಬಾಯಿ ಮುಚ್ಚಿಕೊಂಡಳು. ಪ್ರೀತಿಸುವವರು ಇಂಥ ಸ್ವಾರ್ಥಕ್ಕೆ ತಾಳ್ಮೆ ಎಂದು ಹೆಸರಿಡುತ್ತಾರೆ.

ಹೆಣ್ಣು ಕೇಳಲು ಅಜ್ಲಾನನ ತಾಯಿ ರೊಕಯ್ಯಾ ಮಗನ ಜೊತೆ, ವೀಳ್ಯದ ಪೆಟ್ಟಿಗೆ ಹಿಡಿದು ಹುಸ್ನಾಳ ಮನೆಗೆ ಬಂದರು. ಅವರ ಗದ್ದವೂ ಅಷ್ಟೇ ಚೂಪು. ಚಹಾ ಮುಗಿಯುವ ಮೊದಲೇ ಷರತ್ತು ಬಂತು.

"ಮದುವೆ ಆದ್ಮೇಲೆ ಈ ಮೀನು ಚುಚ್ಚೋ ಕೆಲಸ ಬೇಡಮ್ಮಾ. ಬಸುರಿಯಾದವಳು ಪ್ರಾಣಿಗೆ ನೋವು ಮಾಡಿದ್ರೆ ಅದು ಮಗುವಿಗೆ ತಟ್ಟುತ್ತೆ. ನಮ್ಮನೇಲಿ ಒಂದ್ಸಲ ಆಗಿದ್ದು ಸಾಕು."

"ಏನಾಗಿತ್ತು?" ಹುಸ್ನಾಳ ತಾಯಿ ಕೇಳಿದರು.

"ನನ್ನ ಹಿರಿಸೊಸೆ ಸಲ್ಬಿಯಾ. ಹೊಟ್ಟೇಲಿ ಮಗು ಇಟ್ಕೊಂಡು ಜೀವಂತ ಕ್ಯಾಟ್‌ಫಿಶ್ ಕೊಯ್ದಳು. ಹುಟ್ಟಿದ ಕೂಸು ಅರಿಶಿನದ ಹಾಗೆ ಹಳದಿ. ಮೈಯೆಲ್ಲ ಪರಚ್ಕೊಂಡು, ಮೊದಲ ವರ್ಷಾನೂ ಕಾಣಲಿಲ್ಲ. ಕೊಂದವಳನ್ನ ಮನೇಲಿ ಇಟ್ಕೊಳ್ಳೋಕಾಗುತ್ತಾ? ತವರಿಗೆ ಅಟ್ಟಿದೆ. ಮಗನಿಂದ ತಲಾಖ್ ಕೊಡಿಸ್ದೆ."

ಅಜ್ಲಾನ್ ನೆಲ ನೋಡುತ್ತ ಕೂತಿದ್ದ. ಹುಸ್ನಾ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. ಸುಮ್ಮನಿದ್ದರೆ ಅವನು ಸಿಗುತ್ತಾನೆ. ಸುಮ್ಮನಿದ್ದರೆ ಆ ಸಲ್ಬಿಯಾ ಸಾಯುವತನಕ ಮಗು ಕೊಂದವಳು.

"ಆ ಮಗು ಯಾರ ಹಾಗಿತ್ತು, ಮಕ್ ಚಿಕ್?" ತಾಯಿಯ ವಯಸ್ಸಿನವರನ್ನು ಕರೆಯುವ ಹಾಗೆ ಕರೆದು ಹುಸ್ನಾ ಕೇಳಿದಳು.

"ನನ್ನ ಹಾಗೇ. ಅಚ್ಚು ತೆಗೆದ ಹಾಗೆ ಅಂತ ಎಲ್ಲರೂ ಹೇಳೋರು." ಮುದುಕಿಯ ಕಣ್ಣು ಒದ್ದೆಯಾಯಿತು.

"ಹಾಗಾದ್ರೆ ಅದು ಕ್ಯಾಟ್‌ಫಿಶ್‌ನಿಂದ ಬಂದಿದ್ದಲ್ಲ. ನಿಮ್ಮಿಂದ ಬಂದಿರೋದು. ಪರೀಕ್ಷೆ ಮಾಡಿಸಿ."

ಚಾಕು ಹಾಕಿದಂತೆ ಹೇಳಿಬಿಟ್ಟಳು. ರೊಕಯ್ಯಾ ವೀಳ್ಯದ ಪೆಟ್ಟಿಗೆಯನ್ನು ಮುಚ್ಚಿ, ಎತ್ತಿಕೊಂಡು ಎದ್ದು ನಡೆದರು.

ಅಂಗಳದಲ್ಲಿ ಅಜ್ಲಾನ್ ನಿಂತ. "ನಂಗೂ ಇದೆಯಾ?"

"ಇರಬಹುದು."

"ಯಾವಾಗಿಂದ ಗೊತ್ತು?"

"ಆವತ್ತು... ನೀವು ಮಸೂರದಲ್ಲಿ ನೋಡ್ತಿದ್ದಾಗಿಂದ."

"ಅಂದ್ರೆ ಅಷ್ಟು ದಿನ ನನ್ನ ಮುಖಾನೇ ನೋಡ್ತಾ ಕೂತಿರ್ತಿದ್ದೆಯಲ್ಲ, ಪ್ರೀತಿ ಅಂದ್ಕೊಂಡಿದ್ದೆ. ನಿನ್ನ ಡಬ್ಬಿ ಮೀನುಗಳಲ್ಲಿ ನಾನೂ ಒಂದಾ?"

ಇಲ್ಲ ಎನ್ನಬಹುದಿತ್ತು. ಹಾಳು ಪ್ರಾಮಾಣಿಕತೆ ಬಿಡಲಿಲ್ಲ. "ಎರಡೂ ನೋಡ್ತಿದ್ದೆ, ಅಬಾಂಗ್."

"ಚೆನ್ನಾಗಿ ನೋಡಿದೆ. ಇನ್ನು ನೋಡ್ಬೇಡ."

ಮೈಕ್ರೋಸ್ಕೋಪ್ ಮತ್ತೆ ಕೆಡಲಿಲ್ಲ. ಬೆಳಗಾದರೆ ಹುಸ್ನಾ ಅಡ್ಡಗೋಡೆ ಎತ್ತುತ್ತಿದ್ದಳು, ಮೀನುಗಳು ಒಂದಾಗುತ್ತಿದ್ದವು, ಅವಳ ಹೊಟ್ಟೆ ಉರಿಯುತ್ತಿತ್ತು. ಮೀನಿನ ಮೇಲೂ ಅಸೂಯೆ ಪಡುವಷ್ಟು ಕೆಳಗಿಳಿದಿದ್ದಳು ಹುಡುಗಿ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಮೀನುಕೋಣೆಯ ಬಾಗಿಲಲ್ಲಿ ಅಜ್ಲಾನ್ ನಿಂತಿದ್ದ. ಸೊರಗಿದ್ದ. ಕೈಯಲ್ಲಿ ಉಪಕರಣಗಳ ಪೆಟ್ಟಿಗೆ ಇರಲಿಲ್ಲ.

"ಪರೀಕ್ಷೆ ಮಾಡಿಸಿದ್ವಿ. ಅಮ್ಮನಿಗಿದೆ, ಅಣ್ಣನಿಗಿದೆ, ನಂಗೂ ಇದೆ."

ಹುಸ್ನಾ ಕುರ್ಚಿಯಿಂದ ಎದ್ದಳು. ಗೊತ್ತಿದ್ದದ್ದೇ. "ಮಕ್ ಚಿಕ್ ಹೇಗಿದ್ದಾರೆ?"

"ಕ್ಷಮೆ ಕೇಳ್ತೀನಿ ಅಂತ ಸಲ್ಬಿಯಾ ಅತ್ತಿಗೆ ಮನೆಗೆ ಹೋದ್ರು. ಅತ್ತಿಗೆ ಬಾಗಿಲು ತೆಗೆದು ಒಂದೇ ಮಾತು ಕೇಳಿದ್ಲು. ನನ್ನ ಮಗೂಗೆ ಇಟ್ಟಿದ್ದ ಹೆಸರೇನು, ಹೇಳಿ ಅಂತ. ಅಮ್ಮನಿಗೆ ನೆನಪಾಗ್ಲಿಲ್ಲ. ಅತ್ತಿಗೆ ಬಾಗಿಲು ಹಾಕ್ಕೊಂಡ್ಲು. ಅವತ್ತಿಂದ ಅಮ್ಮ ಯಾರ ಹತ್ರಾನೂ ಮಾತಾಡಲ್ಲ."

"ನಾನು ಹಾಗೆ ಹೇಳಬಾರದಿತ್ತು."

"ಹೇಳಬೇಕಿತ್ತು. ನಂಗೆ ಮೊದಲು ಹೇಳಬೇಕಿತ್ತು."

"ಹೇಳಿದ್ರೆ ಹೋಗ್ಬಿಡ್ತೀರಿ ಅಂತ ಹೆದರಿದೆ."

"ಹೇಳದೇನೂ ಹೋದೆನಲ್ಲ." ಅವನು ಕಹಿಯಾಗಿ ನಕ್ಕ. "ಮಕ್ಕಳಿಗೆ ಬರೋದು ಅರ್ಧಕ್ಕರ್ಧ ಅಂತೆ. ಬಂದ್ರೆ ನನ್ನ ಹಾಗಿರಬಹುದು, ಆ ಕೂಸಿನ ಹಾಗೂ ಆಗಬಹುದು. ಅದಕ್ಕೇ... ನೀನು ಬೇರೆ ಯಾರನ್ನಾದ್ರೂ ನೋಡ್ಕೋ ಅಂತ ಹೇಳಿ ಹೋಗೋಕೆ ಬಂದೆ."

"ಅದನ್ನ ಫೋನಲ್ಲೇ ಹೇಳಬಹುದಿತ್ತಲ್ಲ?"

ಹುಸ್ನಾ ಹತ್ತಿರ ಬಂದು ಆ ಹಣೆ, ಆ ಕಣ್ಣು, ಆ ಗದ್ದವನ್ನು ತುಂಬ ಹೊತ್ತು ನೋಡಿದಳು.

"ಈಗ ಏನು ಕಾಣುತ್ತೆ?" ಅವನು ಪಿಸುಗುಟ್ಟಿದ.

"ಅದೇ ಕಾಣುತ್ತೆ. ನಿಮ್ಮ ಮುಖ ನೋಡಿದ್ರೆ ನಂಗೆ ಭಯ ಆಗುತ್ತೆ, ಅಬಾಂಗ್. ಇಷ್ಟು ತಿಂಗಳು ನೋಡದೇ ಇದ್ದೆನಲ್ಲ... ಅದಕ್ಕಿಂತ ಈ ಭಯವೇ ವಾಸಿ."

ಕೋಣೆಯ ದೀಪಗಳು ಹೊತ್ತಿಕೊಂಡವು. ಡಬ್ಬಿಯಲ್ಲಿ ಒಂದು ಜೋಡಿ ಗೋಡೆಯ ಆಚೀಚೆ ಮುಖ ಮಾಡಿ ನಿಂತಿತ್ತು. ಅಜ್ಲಾನ್ ಅದನ್ನೇ ನೋಡಿದ.

"ಇವಕ್ಕೂ ಇದೇ ದೋಷಾನಾ?"

"ಹೂಂ. ಎರಡರಲ್ಲೂ ಅಡಗಿದೆ. ಎರಡರಿಂದಲೂ ದೋಷ ಪಡೆದ ಮರಿಗಳು, ಕಾಲು ಭಾಗ, ಬದುಕಲ್ಲ."

"ಗೊತ್ತಿದ್ದೂ ದಿನಾ ಗೋಡೆ ತೆಗೀತೀಯಾ?"

"ತೆಗೀತೀನಿ. ಆಮೇಲೆ ಸತ್ತವನ್ನ ಒಂದೊಂದಾಗಿ ನಾನೇ ಎತ್ತಿ ಹಾಕ್ತೀನಿ."

ಅವನು ಗೋಡೆಯ ಅಂಚಿಗೆ ಕೈ ಹಾಕಿದ.

"ಈ ಸಲ ಕೇಳಿ ತೆಗೀತೀನಿ. ತೆಗೀಲಾ, ಹುಸ್ನಾ?"

ಅವಳು ಅವನ ಕೈಯ ಮೇಲೆ ಕೈಯಿಟ್ಟಳು. "ತೆಗೀರಿ. ಎತ್ತಿ ಹಾಕೋವಾಗ ಮಾತ್ರ ಪಕ್ಕದಲ್ಲಿರಿ."